ಎರಡು ಪದರು, ಒಂದು ಒಡಪು

“ಏನವಾ, ರೊಟ್ಟಿಗೂ ಗಿಲಾವು ಹಚ್ಚಾಕತ್ತೀ?”

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅತ್ತೆ ಕೇಳಿದರು. ನಾನು ಕೇಕಿಗೆ ಕ್ರೀಮಿನ ಮೊದಲ ಕೈ ಹಚ್ಚುತ್ತಿದ್ದೆ. ನಗು ಬಂದರೂ ಅವರ ಮಾತು ಸುಳ್ಳಲ್ಲ. ಗೋಡೆಗೆ ಮೊದಲು ಒರಟು ಗಿಲಾವು, ಅದು ಒಣಗಿದ ಮೇಲೆ ಸುಣ್ಣ. ಕೇಕಿಗೂ ಅದೇ ಲೆಕ್ಕ. ಮೊದಲ ತೆಳು ಲೇಪ ಉದುರುವ ಪುಡಿಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಅರ್ಧ ತಾಸು ಫ್ರಿಜ್ಜಿನಲ್ಲಿ ಬಿಗಿದುಕೊಂಡ ಮೇಲೆ ಎರಡನೆಯ ಕೈ, ಅದು ನೋಡುವವರ ಕಣ್ಣಿಗೆ. ಹತ್ತು ವಿಡಿಯೊ ನೋಡಿ ನಾನು ಕಲಿತದ್ದನ್ನು ಎರಡು ಮನೆ ಕಟ್ಟಿಸಿದ ಅತ್ತೆ ನಿಂತಲ್ಲೇ ಹೇಳಿದ್ದರು.

“ಯಾರಿಗಿದು?” ಎಂದರು. “ನಿಮಗ, ಮಾವಾರಿಗೆ. ನಿಮ್ಮ ಲಗ್ನಾಗಿ ಐವತ್ತು ವರ್ಷ ಆತಲ್ಲ” ಎಂದೆ. ಸೆರಗು ಬಾಯಿಗೆ ಹಿಡಿದು ಒಳಗೆ ಹೋಗಿಬಿಟ್ಟರು.

ನನ್ನ ತವರು ಇಂಡಿ, ಕೊಟ್ಟ ಮನೆ ಮುದ್ದೇಬಿಹಾಳ, ತಂಗಿ ಇರುವುದು ಸಿಂದಗಿಯಲ್ಲಿ, ಅತ್ತೆಯ ತವರು ಬಸವನ ಬಾಗೇವಾಡಿ. ಈ ನಾಲ್ಕೂ ಊರುಗಳಲ್ಲಿ ಗಂಡ ಹೆಂಡಿರ ಅಕ್ಕರೆಯನ್ನು ಬಾಯಿಬಿಟ್ಟು ಹೇಳುವ ರೂಢಿ ಕಡಿಮೆ. ಅದಕ್ಕೇ ಏನೋ, ಹೇಳಬೇಕಾದ್ದನ್ನೆಲ್ಲ ಸಕ್ಕರೆಯ ಕೈಯಲ್ಲಿ ಹೇಳಿಸುವ ಸಂಪ್ರದಾಯ ಇಲ್ಲಿ ಬಲವಾಗಿದೆ. ಗೌರಿ ಹುಣ್ಣಿಮೆಗೆ, ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯ ಜೊತೆಗೆ ಸಕ್ಕರೆ ಆರತಿ ತರುತ್ತಾರೆ. ಆನೆ, ಕುದುರೆ, ಗೋಪುರ, ಗಿಳಿ, ತೇರು, ಎಲ್ಲವೂ ಸಕ್ಕರೆಯವು. ನೀರಿನಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚುಗಳನ್ನು ಬಿಗಿಯಾಗಿ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ತಿರುವಿ, ಅದು ಬೆಳ್ಳಗಾಗುವ ಹೊತ್ತಿಗೆ ಅಚ್ಚಿಗೆ ಸುರಿಯುತ್ತಾರೆ. ಕೆಲವೇ ನಿಮಿಷ, ಬಿಚ್ಚಿದರೆ ಗೊಂಬೆ. ಸಂಕ್ರಾಂತಿಗೆ ಇನ್ನೊಂದು ಬೆರಗು ಇದೆ, ಕುಸುರೆಳ್ಳು. ಹದವಾದ ಬಿಸಿಯ ಪರಾತದಲ್ಲಿ ಎಳ್ಳು ಹರವಿ, ಚಮಚೆಯಲ್ಲಿ ಪಾಕ ಬಿಡುತ್ತ, ಬೆರಳಿನಿಂದ ಆಡಿಸುತ್ತ ಕೂತರೆ ಪ್ರತಿ ಕಾಳಿಗೂ ಸಕ್ಕರೆಯ ಮುಳ್ಳು ಏಳುತ್ತದೆ. ಅದನ್ನೇ ಪೋಣಿಸಿ ಹೊಸ ಸೊಸೆಗೆ ಸರ, ಬಳೆ, ಓಲೆ ಮಾಡಿ ತೊಡಿಸುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದ ಹೆಣ್ಣುಮಕ್ಕಳಿಗೆ ಕೇಕಿನ ಅಲಂಕಾರ ಹೊಸ ವಿದ್ಯೆ ಎಂದು ನಾನಂತೂ ಒಪ್ಪುವುದಿಲ್ಲ. ಪಾಕದ ಹದ ಬಲ್ಲವರಿಗೆ ಕ್ರೀಮಿನ ಹದ ಎರಡು ದಿನದ ಪಾಠ.

ಕೇಕು ನಮ್ಮ ಕಡೆಗೆ ಬಂದದ್ದು ಬಸ್‌ಸ್ಟ್ಯಾಂಡಿನ ಎದುರಿನ ಅಯ್ಯಂಗಾರ್ ಬೇಕರಿಯ ಗಾಜಿನ ಕಪಾಟಿನಿಂದ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ಯರು ತೆರೆದ ಬಿ.ಬಿ. ಬೇಕರಿಯಿಂದ ಮೊದಲಾದ ಆ ಪರಂಪರೆಯನ್ನು ಹಾಸನ ಸೀಮೆಯವರು ರಾಜ್ಯದ ಮೂಲೆಮೂಲೆಗೂ ಹೊತ್ತು ತಂದರು. ಬೆಂಗಳೂರಿನಲ್ಲಿ 1975ರಿಂದ ಡಿಸೆಂಬರಿನ ಕೇಕ್ ಪ್ರದರ್ಶನ ನಡೆಯುತ್ತ ಬಂದಿದೆ. ಅಲ್ಲಿ ಸಕ್ಕರೆಯಲ್ಲಿ ಅರಮನೆಯನ್ನೇ ಕಟ್ಟಿ ನಿಲ್ಲಿಸುತ್ತಾರೆ. ನೋಡಲು ಚೆಂದ, ತಿನ್ನಲು ಅಲ್ಲ. ನಮ್ಮ ಪೇಟೆಯ ಬೇಕರಿಯ ಕೇಕಿನ ಮೇಲಾದರೋ ಗುಲಾಬಿ ಬಣ್ಣದ ಹೂ, ಇಂಗ್ಲಿಷಿನಲ್ಲಿ ತಪ್ಪಾಗಿ ಬರೆದ ಹೆಸರು, ಅಂಗುಳಕ್ಕೆ ಅಂಟಿ ಕೂರುವ ಡಾಲ್ಡಾದಂಥ ಕ್ರೀಮು. ಪ್ರೀತಿಗೆ ಅದು ಸಾಲದು ಅನ್ನಿಸಿ ನಾನು ಮನೆಯಲ್ಲೇ ಮಾಡಲು ಹೊರಟೆ.

ಮನೆಯಲ್ಲಿ ಮಾಡುವುದೆಂದರೆ ನಮ್ಮಲ್ಲಿ ಮೊಟ್ಟೆ ಇಲ್ಲದೆ ಮಾಡುವುದು ಎಂದರ್ಥ. ಎಷ್ಟೋ ಮನೆಗಳಲ್ಲಿ ಅದು ಅಡುಗೆಮನೆಯ ಹೊಸ್ತಿಲನ್ನೇ ದಾಟದು. ಮೊಟ್ಟೆ ಇಲ್ಲದ ಕೇಕು ಎಂದರೆ ಕಡಿಮೆ ದರ್ಜೆಯದು ಎಂದು ಮೂಗು ಮುರಿಯುವವರಿಗೆ ಒಂದು ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದ. ಅವನ ಹೆಂಡತಿ ಎಲಿಜಬೆತ್‌ಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಯೀಸ್ಟೂ ಒಗ್ಗುತ್ತಿರಲಿಲ್ಲ. ಅವಳಿಗಾಗಿ 1837ರಲ್ಲಿ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಮಾಡಿದ, 1843ರಲ್ಲಿ ಯೀಸ್ಟ್ ಇಲ್ಲದೆ ಹಿಟ್ಟು ಉಬ್ಬಿಸುವ ಬೇಕಿಂಗ್ ಪೌಡರ್ ಮಾಡಿದ. ಅಂದರೆ ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವ ಆ ಪುಟ್ಟ ಡಬ್ಬಿಯ ಹಿಂದೆ ಇರುವುದು ಹೆಂಡತಿ ಹಸಿದಿರಬಾರದೆಂಬ ಒಬ್ಬ ಗಂಡನ ಕಾಳಜಿ. ಇಷ್ಟು ಸಾಕಲ್ಲ, ಲಗ್ನದ ದಿನದ ಕೇಕಿಗೆ?

ನಮ್ಮಲ್ಲಿ ಮೊಟ್ಟೆಯ ಕೆಲಸ ಮಾಡುವುದು ಮೊಸರು. ಮೊಸರಿನ ಹುಳಿಗೆ ಅಡುಗೆ ಸೋಡಾ ಸೇರಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಏಳುತ್ತವೆ, ಹಿಟ್ಟು ಹಗುರಾಗುತ್ತದೆ. ಮೊಸರಿನ ಮಾತು ಬಂದರೆ ಕೊಲ್ಹಾರವನ್ನು ಬಿಟ್ಟು ಮುಂದೆ ಹೋಗಲಾದೀತೇ? ಮೊದಲು ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ, ಕೃಷ್ಣೆಯ ದಂಡೆಯ ಆ ಊರಿನ ಗಡಿಗೆ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ. ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು, ಮೊಸರಿನ ಹೆಸರು ಮುಳುಗಲಿಲ್ಲ. ಮಣ್ಣಿನ ಗಡಿಗೆ ನೀರನ್ನು ಹೀರಿಕೊಳ್ಳುವುದರಿಂದ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.

ನನ್ನ ಅಳತೆ ಇದು, ಏಳು ಇಂಚಿನ ಒಂದು ಡಬ್ಬಿಗೆ. ಒಂದು ಕಪ್ ಸಿಹಿ ಮೊಸರಿಗೆ ಮುಕ್ಕಾಲು ಕಪ್ ಪಿಠಿಸಕ್ಕರೆ ಹಾಕಿ ಕರಗುವವರೆಗೆ ಕದಡಿ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಸೋಡಾ ಸೇರಿಸಿ ಐದು ನಿಮಿಷ ಬಿಡುತ್ತೇನೆ. ನೊರೆ ಎದ್ದು ಬೋಗಾಣಿ ತುಂಬಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ. ಆಮೇಲೆ ಅರ್ಧ ಕಪ್ ಎಣ್ಣೆ, ಒಂದೂವರೆ ಕಪ್ ಅಂದರೆ ಸುಮಾರು 190 ಗ್ರಾಂ ಮೈದಾ. ಮೈದಾವನ್ನು ಸಾಣಿಗೆಯಲ್ಲಿ ಎರಡು ಸಲ ಹಿಡಿದಿರಬೇಕು. ಹಾಕಿದ ಮೇಲೆ ಚಪಾತಿ ಹಿಟ್ಟಿನಂತೆ ನಾದುವ ಹುಮ್ಮಸ್ಸು ಬೇಡ, ಹಿಟ್ಟು ಕಾಣದಾದರೆ ಕೈ ನಿಲ್ಲಿಸಿ. ಎಣ್ಣೆಯ ವಿಷಯದಲ್ಲಿ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಮನೆಯಲ್ಲಿ ಗಾಣದ ಕುಸುಬೆ ಎಣ್ಣೆ ಇತ್ತು, ಅದನ್ನೇ ಸುರಿದೆ. ಕೇಕು ಚೆನ್ನಾಗಿ ಉಬ್ಬಿತು, ಮನೆಯೆಲ್ಲ ಶೇಂಗಾ ಚಟ್ನಿಗೆ ಒಗ್ಗರಣೆ ಹಾಕಿದ ವಾಸನೆ. ಸೂರ್ಯಕಾಂತಿಯ ರಿಫೈನ್ಡ್ ಎಣ್ಣೆಗೆ ವಾಸನೆಯಿಲ್ಲ, ಅದೇ ಸರಿ.

ಓವನ್ ಇದ್ದರೆ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಇಲ್ಲದಿದ್ದರೆ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಸೀಟಿ ಮತ್ತು ರಬ್ಬರು ಎರಡನ್ನೂ ತೆಗೆದು, ಹತ್ತು ನಿಮಿಷ ಖಾಲಿ ಕಾಯಿಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ತಾಸು. ಸಂಜೆ ಹೊತ್ತಿಗೆ ಕರೆಂಟು ಹೋಗುವ ಊರುಗಳಲ್ಲಿ ಕುಕ್ಕರಿನ ಮೇಲೆ ನನಗೆ ಹೆಚ್ಚು ಭರವಸೆ. ಪೂರ್ತಿ ತಣಿದ ಮೇಲೆ, ಸಾಧ್ಯವಾದರೆ ಮರುದಿನ, ಪದರು ಬಿಡಿಸಿ. ಚಾಕು ಬೇಡ. ನಡುವಿಗೆ ಒಂದು ಗಟ್ಟಿ ದಾರ ಸುತ್ತಿ, ತುದಿಗಳನ್ನು ಅಡ್ಡ ಹಾಯಿಸಿ ಎಳೆದರೆ ಎರಡು ಸಮನಾದ ಪದರು.

ಮೂರು, ನಾಲ್ಕು ಪದರಿನ ಆಸೆ ಎಲ್ಲರಿಗೂ ಇರುತ್ತದೆ. ನಮ್ಮ ಬಿಸಿಲಿಗೆ ಎರಡೇ ಸಾಕು ಎನ್ನುವುದು ನನ್ನ ತೀರ್ಮಾನ. ಒಮ್ಮೆ ನಾಲ್ಕು ಪದರಿನದೊಂದನ್ನು ಡಬ್ಬಿಯಲ್ಲಿಟ್ಟು ಮುದ್ದೇಬಿಹಾಳದಿಂದ ತಂಗಿಯ ಮನೆಗೆ ಬಸ್ಸಿನಲ್ಲಿ ಒಯ್ದೆ. ತಾಳಿಕೋಟೆ ದಾಟುವಷ್ಟರಲ್ಲಿ ಮೇಲಿನ ಪದರು ಒಂದು ಬದಿಗೆ ವಾಲಿತು, ಸಿಂದಗಿಯಲ್ಲಿ ಮುಚ್ಚಳ ತೆರೆದಾಗ ತಂಗಿಯ ಗಂಡ, “ವೈನಿ, ಇದು ಕೇಕೋ, ಗೋಳಗುಮ್ಮಟದ ಕೆಲಸ ನಡುವ ಬಿಟ್ಟದ್ದೋ?” ಎಂದರು. ಅಂದಿನಿಂದ ಪ್ರಯಾಣದ ಕೇಕಿಗೆ ನಡುವೆ ಎರಡು ಸ್ಟ್ರಾ ಚುಚ್ಚುತ್ತೇನೆ, ಮನೆಗೆ ಆಧಾರದ ಕಂಬವಿದ್ದಂತೆ.

ನಡುವಿನ ಹೂರಣಕ್ಕೆ ನನ್ನ ತವರಿನ ಲಿಂಬೆ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಸಿಪ್ಪೆ ತೆಳು, ರಸ ಹೆಚ್ಚು, ಮೂಗಿಗೆ ಹಿಡಿದರೆ ತೋಟವೇ ಎದುರು ನಿಂತಂತೆ. ಸಿಪ್ಪೆಯ ಮೇಲುಮೇಲಿನ ಬಣ್ಣದ ಭಾಗವನ್ನಷ್ಟೇ ತುರಿದು ಹಿಟ್ಟಿಗೆ ಸೇರಿಸಿ. ಬಿಳಿ ಭಾಗ ಬಂದರೆ ಕಹಿ. ಹೂರಣಕ್ಕೆ ಮುಕ್ಕಾಲು ಕಪ್ ನೀರು, ಅರ್ಧ ಕಪ್ ಸಕ್ಕರೆ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಬಣ್ಣಕ್ಕೆ ಚಿಟಿಕೆಗಿಂತ ಕಡಿಮೆ ಅರಿಶಿನ. ಗಟ್ಟಿಯಾಗುವವರೆಗೆ ಕುದಿಸಿ, ಒಲೆಯಿಂದ ಇಳಿಸಿದ ಮೇಲೆಯೇ ಕಾಲು ಕಪ್ ಲಿಂಬೆ ರಸ ಮತ್ತು ಒಂದು ಚಮಚ ಬೆಣ್ಣೆ. ರಸ ಹಾಕಿ ಕುದಿಸಿದರೆ ಹುಳಿಯು ಗಂಜಿಯನ್ನು ಮುರಿದು ಹೂರಣ ನೀರಾಗುತ್ತದೆ. ಈ ಒಂದು ಸಂಗತಿ ತಿಳಿಯುವ ಮೊದಲು ನಾನು ಮೂರು ಸಲ ಲಿಂಬೆ ಸಾರು ಮಾಡಿದ್ದೇನೆ.

ಇನ್ನು ಕ್ರೀಮು. ಅಂಗಡಿಯ ಫ್ರೆಶ್ ಕ್ರೀಮಿನ ಪೊಟ್ಟಣದಲ್ಲಿ ಸಾಮಾನ್ಯವಾಗಿ ಶೇಕಡಾ 25ರಷ್ಟು ಕೊಬ್ಬು ಇರುತ್ತದೆ. ಅದನ್ನು ದಿನವಿಡೀ ತಿರುವಿದರೂ ನಿಲ್ಲುವುದಿಲ್ಲ, ಶೇಕಡಾ 35ರ ಸುತ್ತಮುತ್ತ ಬೇಕು. ಹೆಪ್ಪುಗಟ್ಟಿಸಿ ಮಾರುವ ಎಣ್ಣೆಯ ಕ್ರೀಮು ಬಿಸಿಲಿಗೆ ಗಟ್ಟಿಮುಟ್ಟು, ಅದಕ್ಕೇ ಬೇಕರಿಗಳು ಅದನ್ನು ನಂಬುತ್ತವೆ. ನಾಲಿಗೆ ನಂಬುವುದಿಲ್ಲ. ನನ್ನ ದಾರಿ ಶ್ರೀಖಂಡದ್ದು. ಮದುವೆ ಮನೆಯಲ್ಲಿ ಪೂರಿಯ ಪಕ್ಕ ಬೀಳುವ ಅದೇ ಶ್ರೀಖಂಡ. ಹಿಂದಿನ ರಾತ್ರಿ ಮೊಸರನ್ನು ಬಿಳಿ ಪಂಚೆಯಲ್ಲಿ ಕಟ್ಟಿ ಫ್ರಿಜ್ಜಿನೊಳಗೆ ತೂಗುಬಿಟ್ಟರೆ ಬೆಳಿಗ್ಗೆ ಚಕ್ಕಾ ಸಿದ್ಧ. ಬರ್ಫದ ನೀರಿನ ಮೇಲೆ ಬೋಗಾಣಿ ಇಟ್ಟು ಕ್ರೀಮು ತಿರುವಿ, ಅದರ ಅರ್ಧದಷ್ಟು ಚಕ್ಕಾ, ರುಚಿಗೆ ಪಿಠಿಸಕ್ಕರೆ, ಎರಡು ಏಲಕ್ಕಿ. ಸಿಹಿಯ ಹಿಂದೆ ಸಣ್ಣಗೆ ಹುಳಿ ನಿಲ್ಲುತ್ತದೆ. ಹಿರಿಯರು ಎರಡನೇ ತುಂಡು ಕೇಳುವುದು ಇದಕ್ಕೇ.

ಹೃದಯದ ಆಕಾರ ಬೇಕೆನ್ನುವವರು ಅದಕ್ಕೆಂದು ಡಬ್ಬಿ ಕೊಳ್ಳುವ ಅಗತ್ಯವಿಲ್ಲ. ಏಳು ಇಂಚಿನ ಒಂದು ಚೌಕ ಕೇಕು, ಅದೇ ಅಳತೆಯ ಒಂದು ದುಂಡು ಕೇಕು ಮಾಡಿ. ಚೌಕವನ್ನು ಮೂಲೆ ಕೆಳಗಾಗುವಂತೆ ತಿರುಗಿಸಿಟ್ಟು, ದುಂಡನ್ನು ಎರಡು ಹೋಳು ಮಾಡಿ ಮೇಲಿನ ಎರಡು ಬದಿಗೆ ಜೋಡಿಸಿದರೆ ಆಯಿತು. ತಿರುಗುವ ಪೀಠಕ್ಕೂ ದುಡ್ಡು ಹಾಕಬೇಡಿ. ನಮ್ಮ ಮನೆಯ ಬೀಸುಕಲ್ಲಿನ ಗೂಟ ತೆಗೆದು ಮೇಲೊಂದು ತಾಟು ಇಟ್ಟೆ, ಕೇಕು ತನ್ನ ಪಾಡಿಗೆ ತಿರುಗಿತು. ಅತ್ತೆಗೆ ಅದು ಅಷ್ಟಾಗಿ ಹಿಡಿಸಲಿಲ್ಲ. “ಬೀಸುಕಲ್ಲಿಗೂ ಈಗ ನೌಕರಿ ಹಚ್ಚಿದಿ” ಎಂದರು.

ಅಲಂಕಾರದಲ್ಲಿ ನಾನು ಜಿಪುಣಿ. ಇಂಡಿ ಕಡೆಯ ದಾಳಿಂಬೆಯ ಕಾಳುಗಳನ್ನು ಬಟ್ಟೆಯಲ್ಲಿ ಒರೆಸಿ ಅಂಚಿಗೆ ಜೋಡಿಸುತ್ತೇನೆ. ಒರೆಸದಿದ್ದರೆ ಕ್ರೀಮಿನ ಮೇಲೆ ಬಣ್ಣ ಇಳಿಯುತ್ತದೆ. ಗುಲಾಬಿ ಎಸಳು ಹಾಕುವುದಾದರೆ ಹಿತ್ತಲಿನದು ಮಾತ್ರ, ಪೇಟೆಯ ಹೂವಿಗೆ ಔಷಧ ಹೊಡೆದಿರುತ್ತಾರೆ. ಬದಿಗೆ ಕುಸುರೆಳ್ಳು ಒತ್ತುತ್ತೇನೆ, ಆದರೆ ಕೊಯ್ಯುವ ಹತ್ತು ನಿಮಿಷ ಮೊದಲು. ತೇವ ತಗುಲಿದರೆ ಅದರ ಮುಳ್ಳು ಕರಗುತ್ತದೆ. ನೆತ್ತಿಯ ಮೇಲೆ ಪ್ಲಾಸ್ಟಿಕ್ಕಿನ ಗಂಡು ಹೆಣ್ಣಿನ ಬದಲು ಗೌರಿ ಹುಣ್ಣಿಮೆಯಿಂದ ಎತ್ತಿಟ್ಟ ಸಕ್ಕರೆ ಗಿಳಿಗಳ ಜೋಡಿ, ಕಾಲಡಿಗೆ ಒಂದು ಬಿಸ್ಕೀಟು. ಇರುವೆಗೆ ಸಿಗದ ಬಿಗಿ ಡಬ್ಬಿಯಲ್ಲಿಟ್ಟರೆ ಆ ಗೊಂಬೆಗಳು ತಿಂಗಳುಗಟ್ಟಲೆ ಇರುತ್ತವೆ.

ಹೆಸರು ಬರೆಯುವುದಿದೆಯಲ್ಲ, ಅದೇ ಕಡುಕಷ್ಟ, ಅದೇ ಮಜಾ. ಕನ್ನಡದ ಅಕ್ಷರಗಳು ದುಂಡು, ಕ್ರೀಮಿನ ಕೋನಿಗೆ ಹೇಳಿ ಮಾಡಿಸಿದಂಥವು, ಕೈ ಎತ್ತದೆ ಸುತ್ತಿಕೊಂಡು ಹೋಗಬಹುದು. ತೊಂದರೆ ಕೊಡುವುದು ಒತ್ತಕ್ಷರ. ‘ಶಿವಾನಂದ’ ಎಂದು ಯಾರು ಬೇಕಾದರೂ ಬರೆದಾರು, ‘ಲಕ್ಷ್ಮೀ’ ಬರೆಯುವವರು ಮೊದಲು ತಾಟಿನ ಮೇಲೆ ಎರಡು ಸಲ ಬರೆದು ನೋಡಿ, ಸಾಲಿನ ಕೆಳಗೆ ಎರಡು ಬೆರಳು ಜಾಗ ಬಿಡಿ.

ಆ ಸಂಜೆ ಮೇಣದಬತ್ತಿ ಹಚ್ಚಲಿಲ್ಲ. ಹಚ್ಚಿದ ದೀಪವನ್ನು ಊದಿ ಆರಿಸುವುದು ಅತ್ತೆಗೆ ಸರಿಬೀಳುವುದಿಲ್ಲ. ಅವರಿಬ್ಬರನ್ನೂ ಮಣೆಯ ಮೇಲೆ ಕೂಡಿಸಿ ಆರತಿ ಎತ್ತಿದೆವು. ಕೇಕಿನ ಮೇಲೆ ನಾನು ಬರೆದದ್ದು ಮಾವನ ಹೆಸರನ್ನು ಮಾತ್ರ, ಅದೂ ಬೇಕೆಂದೇ. ಮೊಮ್ಮಕ್ಕಳು ಬಿಡಲಿಲ್ಲ. “ಅಜ್ಜಿ, ಓದು, ಓದಿದ್ರಷ್ಟ ಕೇಕು!” ಐವತ್ತು ವರ್ಷ ಗಂಡನನ್ನು ಹೆಸರು ಹಿಡಿದು ಕರೆಯದವರು ಸುಮ್ಮನೆ ಓದಿಯಾರೇ? ಕೇಕಿನ ಮೇಲಿದ್ದ ಸಕ್ಕರೆ ಗಿಳಿಯನ್ನೇ ಹಿಡಿದುಕೊಂಡು, ಮದುವೆಯ ದಿನ ಹೇಳಿದ ಹಾಗೆ, ಪ್ರಾಸ ಜೋಡಿಸಿ, ಹೆಸರನ್ನು ಕೊನೆಯಲ್ಲಿ ಅಡಗಿಸಿ ಒಂದು ಒಡಪು ಹೇಳಿಯೇಬಿಟ್ಟರು. ಮಾವ ಕನ್ನಡಕ ತೆಗೆದು ಒರೆಸಿಕೊಂಡು, “ಲಿಂಬಿ ಭಾಳ ಹುಳಿ ಐತಿ” ಎಂದರು. ಅವರ ತಾಟಿನಲ್ಲಿ ಆಗಿನ್ನೂ ಕೇಕು ಬಿದ್ದಿರಲಿಲ್ಲ.

ಉಳಿದ ಕೇಕನ್ನು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಮೊಸರು ಕಟ್ಟಿದಾಗ ಇಳಿದ ನೀರನ್ನು ಚೆಲ್ಲಬೇಡಿ, ಮರುದಿನದ ಚಪಾತಿ ಹಿಟ್ಟು ಕಲಸಲು ಬರುತ್ತದೆ.