ಆಸ್ಪತ್ರೆಯ ರೆಕಾರ್ಡ್ ಬರೆಯುವವರೂ ಊರಿನ ಆರೋಗ್ಯ ಕಾಯುತ್ತಾರೆ

ಆಸ್ಪತ್ರೆ ಕೆಲಸ ಅಂದ್ರೆ ಡಾಕ್ಟರ್, ನರ್ಸ್ ಮಾತ್ರ ಅಲ್ಲ. ಮೆಡಿಕಲ್ ರೆಕಾರ್ಡ್ಸ್ ವಿಭಾಗವೂ ಇದೆ. ಅಲ್ಲಿ ಪ್ರತಿ ಕಾಯಿಲೆಗೂ ಐಸಿಡಿ-10 ಪಟ್ಟಿಯ ಕೋಡ್ ಹಾಕುತ್ತಾರೆ. ಟೈಪ್-2 ಸಕ್ಕರೆ ಕಾಯಿಲೆಗೆ ಇ11. ಈ ಕೋಡ್‌ಗಳನ್ನು ಊರುವಾರು, ವಯಸ್ಸುವಾರು ಕೂಡಿಸಿದರೆ ಯಾವ ಊರಲ್ಲಿ ಯಾವ ಕಾಯಿಲೆ ಹೆಚ್ಚುತ್ತಿದೆ ಎಂದು ಗೊತ್ತಾಗುತ್ತದೆ. ಔಷಧಿ, ತಪಾಸಣಾ ಶಿಬಿರ ಎಲ್ಲಿಗೆ ಬೇಕು ಎಂಬುದಕ್ಕೂ ಇದೇ ಆಧಾರ.

ಗಡಿಯಲ್ಲಿ ಈ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಮಹಾರಾಷ್ಟ್ರದ ನಿಲಂಗಾ ತಾಲೂಕಿನ ಕಾಸಾರಶಿರಸಿಯ ರೋಗಿ ಬೀದರ್‌ನಲ್ಲಿ ದಾಖಲಾದರು ಎನ್ನಿ. ಕಾಸರಗೋಡಿನವರು ಮಂಗಳೂರಿಗೆ ಬಂದ ಹಾಗೆ. ರೆಕಾರ್ಡ್‌ನಲ್ಲಿ ಸ್ವಂತ ಊರು ಬರೆಯದಿದ್ದರೆ ಆ ಕಾಯಿಲೆ ಅವರ ಊರಿನ ಲೆಕ್ಕಕ್ಕೆ ಸೇರುವುದೇ ಇಲ್ಲ. ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್ ಎಂದಾದರೆ ಒಬ್ಬರೇ ಇಬ್ಬರಾಗುತ್ತಾರೆ. ಇದಕ್ಕೆಂದೇ 14 ಅಂಕಿಯ ಆಭಾ ನಂಬರ್ ಇದೆ. ಆದರೆ ಅದನ್ನು ಕೇಳಿ, ಸರಿಯಾಗಿ ಜೋಡಿಸಲು ತರಬೇತಾದ ಜನ ಬೇಕು.

ಮಣಿಪಾಲದಲ್ಲಿ ಇದಕ್ಕೆ ಹೆಲ್ತ್ ಇನ್ಫರ್ಮೇಷನ್ ಮ್ಯಾನೇಜ್‌ಮೆಂಟ್ ವಿಭಾಗವೇ ಇದೆ. ಮೆಡಿಕಲ್ ರೆಕಾರ್ಡ್ಸ್ ಡಿಪ್ಲೊಮಾವೂ ಉಂಟು. ಆದರೆ ಫೈಲ್ ಜೋಡಿಸಲು ಕಲಿತರಷ್ಟೇ ಸಾಲದು. ಸಂಖ್ಯಾಶಾಸ್ತ್ರ, ರೋಗ ಹರಡುವ ಬಗೆ, ರೋಗಿಯ ಗುಟ್ಟು ಕಾಯುವುದು, ಇವನ್ನೂ ಕಲಿಯಬೇಕು. ಲೆಡ್ಜರ್ ತಾಳೆ ನೋಡುವ ಶಿಸ್ತು ಇಲ್ಲೂ ಬೇಕು. ಬ್ಯಾರಿ, ಕನ್ನಡ, ಮಲಯಾಳಂ ಮೂರೂ ಬಲ್ಲ ನಮ್ಮ ಹುಡುಗ ಹುಡುಗಿಯರು ರೋಗಿಯ ಹೆಸರು, ಮನೆತನ, ಊರನ್ನು ಸರಿಯಾಗಿ ಕೇಳಿ ಬರೆಯಬಲ್ಲರು. ಕೋರ್ಸ್ ಆರಿಸುವಾಗ ಇದನ್ನೂ ಒಮ್ಮೆ ವಿಚಾರಿಸಿ.