ಆರು ತಿಂಗಳ ಪ್ರಾಕ್ಟೀಸ್, ಒಂದೇ ಮ್ಯಾಚಿಗೆ ಸೀಸನ್ ಖಲಾಸ್! ಕಾಲೇಜು ಫುಟ್‌ಬಾಲ್ ಲೆಕ್ಕಾಚಾರ ಹೀಗಿದೆ

ಮಡಿಕೇರಿ: ಜರ್ಸಿಗೆ ಸಹಾಯ ಮಾಡಿ ಅಣ್ಣ, ಬೆನ್ನ ಮೇಲೆ ಅಂಗಡಿ ಹೆಸರು ಹಾಕಿಸ್ತೀವಿ ಅಂತ ಕಾಲೇಜು ಹುಡುಗರು ಅಂಗಡಿ ಅಂಗಡಿಗೆ ಬರೋದು ಎಲ್ಲರಿಗೂ ಗೊತ್ತಿರೋದೇ. ಎರಡು ವಾರ ಬಿಟ್ಟು 'ಏನಾಯ್ತು ಮ್ಯಾಚು?' ಅಂತ ಕೇಳಿದ್ರೆ 'ಫಸ್ಟ್ ರೌಂಡಲ್ಲೇ ಔಟ್' ಅನ್ನೋ ಉತ್ತರ. ಅಷ್ಟಕ್ಕೇ ಆ ವರ್ಷದ ಸೀಸನ್ ಮುಗಿದಿರುತ್ತೆ. ಜರ್ಸಿ ಇನ್ನೂ ಎರಡು ಸಲ ಒಗೆದಿರೋದಿಲ್ಲ.

ಹುಡುಗರು ಸರಿಯಾಗಿ ಆಡಲಿಲ್ಲ ಅಂತ ಬೈಯೋದು ಸುಲಭ. ಆದರೆ ಕಾಲೇಜು ಫುಟ್‌ಬಾಲ್ ಸೀಸನ್ ಇರೋದೇ ಹಾಗೆ. ಟಿವಿಯಲ್ಲಿ ನೋಡುವ ಐಎಸ್‌ಎಲ್‌ನಲ್ಲಿ ಒಂದು ಮ್ಯಾಚ್ ಸೋತರೆ ಮುಂದಿನ ವಾರ ಇನ್ನೊಂದು ಇರುತ್ತೆ. ಡಿಗ್ರಿ ಕಾಲೇಜುಗಳ ಅಂತರ ಕಾಲೇಜು ಪಂದ್ಯಾವಳಿ ಸಾಮಾನ್ಯವಾಗಿ ನಾಕೌಟ್. ಸೋತವರು ಬ್ಯಾಗ್ ಎತ್ತಿಕೊಂಡು ಬಸ್ ಹತ್ತಬೇಕು.

ಲೆಕ್ಕ ಹಾಕಿ ನೋಡಿ. 16 ಕಾಲೇಜು ಬಂದರೆ ನಾಕೌಟ್‌ನಲ್ಲಿ ಒಟ್ಟು 15 ಮ್ಯಾಚ್. ಮೊದಲ ಸುತ್ತು ಮುಗಿಯುವಾಗಲೇ 8 ತಂಡ ಮನೆಗೆ. ಅದೇ 16 ತಂಡಗಳನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಿಂದ ಎರಡೆರಡು ತಂಡ ಕ್ವಾರ್ಟರ್ ಫೈನಲ್‌ಗೆ ಕಳಿಸಿದರೆ ಎಲ್ಲರಿಗೂ ಕನಿಷ್ಠ 3 ಮ್ಯಾಚ್ ಸಿಗುತ್ತೆ, ಆದರೆ ಒಟ್ಟು ಮ್ಯಾಚ್ 31 ಆಗುತ್ತೆ. ಅಂದರೆ ದುಪ್ಪಟ್ಟು ದಿನ, ದುಪ್ಪಟ್ಟು ಊಟ, ರೆಫ್ರಿಗಳ ಭತ್ಯೆ. ಆತಿಥ್ಯ ವಹಿಸುವ ಕಾಲೇಜಿನ ಪಿ.ಡಿ. ಸರ್ ಎದೆ ಝಲ್ ಅನ್ನೋದು ಇಲ್ಲೇ. ಅದಕ್ಕೇ ನಾಕೌಟ್. ಒಂದೇ ದಿನ ಎರಡೆರಡು ಮ್ಯಾಚ್ ಇದ್ದರೆ 45 ನಿಮಿಷದ ಹಾಫನ್ನು ಕಡಿಮೆ ಮಾಡುವುದೂ ಉಂಟು. ಸಮ ಆದರೆ ಪೆನಾಲ್ಟಿ, ಐದೈದು ಕಿಕ್. ಅಲ್ಲಿ ಒಬ್ಬ ಹೊರಗೆ ಹೊಡೆದರೆ ಇಡೀ ವರ್ಷ ಹೋಯ್ತು.

ಕೊಡಗಿನಲ್ಲಿ ಇದರ ಮೇಲೆ ಮಳೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರೌಂಡು ಗದ್ದೆ ಆಗಿರುತ್ತೆ. ಕೆಸರು ಗದ್ದೆ ಕ್ರೀಡಾಕೂಟಕ್ಕೆ ಅದು ಚಂದ, ಪಾಸ್ ಕಲಿಯೋಕಲ್ಲ. ಮಳೆ ಬಿಟ್ಟು ನೆಲ ಗಟ್ಟಿಯಾಗುವ ಹೊತ್ತಿಗೆ ಇಂಟರ್ನಲ್ಸು, ಸೆಮಿಸ್ಟರ್ ಪರೀಕ್ಷೆ, ಹಿಂದೆಯೇ ಕಾಫಿ ಕೊಯ್ಲು. ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ ಅನ್ನೋ ಭಯ ಯಾವಾಗಲೂ ಇದ್ದದ್ದೇ. ಮ್ಯಾಚ್ ದಿನಕ್ಕೆ ಒ.ಡಿ. ಸಿಗುತ್ತೆ, ಪ್ರಾಕ್ಟೀಸ್‌ಗೆ ಸಿಗಲ್ಲ. ಇದೆಲ್ಲ ಇದ್ದೂ ಈ ಜಿಲ್ಲೆಯಲ್ಲಿ ಆಡುವವರು ಕಡಿಮೆಯಾಗಿಲ್ಲ. 1997ರಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಿಂದ ಹೊರಗಿನವರಿಗೆ ಕೊಡಗು ಅಂದರೆ ಹಾಕಿ ಮಾತ್ರ. ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಿದವರಿಗೆ ಗೊತ್ತು, ಇಲ್ಲಿ ಫುಟ್‌ಬಾಲ್‌ಗೂ ಜನ ಹೇಗೆ ಸೇರ್ತಾರೆ ಅಂತ.

ಸೋತ ತಂಡದಲ್ಲೂ ಗೆಲ್ಲುವವರಿದ್ದಾರೆ

ಹೆಚ್ಚಿನ ಪೋಷಕರಿಗೆ ಗೊತ್ತಿಲ್ಲದ ವಿಷಯ ಇದು. ಅಂತರ ಕಾಲೇಜು ಪಂದ್ಯಾವಳಿ ನಡೆಯೋದು ಕಪ್‌ಗೆ ಮಾತ್ರ ಅಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸೋದಕ್ಕೂ ಅದೇ ಜಾಗ. ಆಯ್ಕೆಗಾರರು ಗೆರೆಯಾಚೆ ಕೂತು ನೋಡ್ತಾ ಇರ್ತಾರೆ. ಕಾಲೇಜು 4-0 ಅಂತರದಲ್ಲಿ ಸೋತರೂ ಹತ್ತು ಗೋಲು ತಡೆದ ಕೀಪರ್‌ಗೆ ಕರೆ ಬರಬಹುದು. ಹೀಗೆ ಆಯ್ಕೆಯಾದ ಇಪ್ಪತ್ತರ ಆಸುಪಾಸಿನ ಹುಡುಗರು ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗ್ತಾರೆ. ಅಲ್ಲಿ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದ ತಂಡಗಳಿರುತ್ತವೆ. ಅಖಿಲ ಭಾರತ ಕಪ್ ಹಲವು ಸಲ ಗೆದ್ದ ಕಲ್ಲಿಕೋಟೆ ವಿಶ್ವವಿದ್ಯಾಲಯವೂ ಅದೇ ವಲಯದಲ್ಲಿದೆ. ವಲಯದ ಮೊದಲ ನಾಲ್ಕು ತಂಡಗಳಿಗೆ ಅಖಿಲ ಭಾರತ ಮಟ್ಟದ ಬಾಗಿಲು ತೆರೆಯುತ್ತೆ.

ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರಿಗೆ ಸಿಗುವ ಒಂದು ಕಾಗದ ಬಹಳ ಮುಖ್ಯ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಪ್ರಮಾಣಪತ್ರಗಳಿಗೆ ನಮೂನೆಗಳಿವೆ. ದೇಶಕ್ಕೆ ಆಡಿದವರಿಗೆ ಫಾರಂ 1, ರಾಜ್ಯಕ್ಕೆ ಆಡಿದವರಿಗೆ ಫಾರಂ 2, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡಿದವರಿಗೆ ಫಾರಂ 3. ಕಾಲೇಜು ತಂಡಕ್ಕೆ ಆಡಿದ್ದೇನೆ ಅನ್ನೋದಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಮನೆಯ ಶೋಕೇಸ್‌ನಲ್ಲಿ ಹತ್ತು ಕಪ್ ಇರಬಹುದು, ಅರ್ಜಿ ಹಾಕುವಾಗ ಕೇಳೋದು ಆ ಒಂದು ಹಾಳೆ. ಹಾಗಾಗಿ ಆ ಒಂದೇ ಒಂದು ನಾಕೌಟ್ ಮ್ಯಾಚ್ ಕೆಲವು ಹುಡುಗರ ಪಾಲಿಗೆ ಕೆಲಸದ ಇಂಟರ್ವ್ಯೂ ಕೂಡ ಹೌದು.

ಕೊಡಗು ವಿವಿ ಯಾಕೆ ಮುಖ್ಯ

ಮೊದಲು ಇಲ್ಲಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ದಕ್ಷಿಣ ಕನ್ನಡ, ಉಡುಪಿ, ಕೊಡಗು ಮೂರೂ ಜಿಲ್ಲೆಗೆ ಸೇರಿ ಒಂದೇ ತಂಡ. ವಿರಾಜಪೇಟೆಯ ಹುಡುಗ ಮಂಗಳೂರಿನ ದೊಡ್ಡ ದೊಡ್ಡ ಕಾಲೇಜುಗಳ ಆಟಗಾರರನ್ನು ಹಿಂದಿಕ್ಕಿ ಜಾಗ ಗಿಟ್ಟಿಸಬೇಕಿತ್ತು. ಅವರಿಗೆ ಹಾಸ್ಟೆಲು, ಕೋಚು, ಒಳ್ಳೆ ಗ್ರೌಂಡು. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬೇರೆಯಾದ ಮೇಲೆ ಜಿಲ್ಲೆಯ ಹುಡುಗರು ಜಿಲ್ಲೆಯೊಳಗೇ ಪೈಪೋಟಿ ಮಾಡಿದರೆ ಸಾಕು ಎಂಬಂತಾಯಿತು. ಫಾರಂ 3 ಕೈಗೆಟುಕುವಷ್ಟು ಹತ್ತಿರ ಬಂತು.

ಇನ್ನೊಂದು ಮುಖವೂ ಇದೆ. ಬೆರಳೆಣಿಕೆಯ ಕಾಲೇಜುಗಳಿಂದ ಕಟ್ಟಿದ ತಂಡ ದಕ್ಷಿಣ ವಲಯದಲ್ಲಿ ಮೊದಲ ದಿನವೇ ದೊಡ್ಡ ತಂಡದ ಎದುರು ಸಿಕ್ಕಿಬಿದ್ದರೆ ಕಷ್ಟ. ಅಲ್ಲೂ ಆರಂಭದ ಸುತ್ತುಗಳು ನಾಕೌಟೇ. ಆದರೂ ಆಡಿ ಸೋಲೋದಕ್ಕೂ ಆಡೋ ಅವಕಾಶವೇ ಇಲ್ಲದಿರೋದಕ್ಕೂ ವ್ಯತ್ಯಾಸ ಇದೆ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಲು ಹೇಳಿದಾಗ ಕೊಡಗಿನ ಹೆಸರೂ ಆ ಪಟ್ಟಿಯಲ್ಲಿತ್ತು. ಅನುದಾನ, ಕಟ್ಟಡ, ಸಿಬ್ಬಂದಿ ಅಂತ ಆಗ ಬಹಳ ಚರ್ಚೆ ಆಯ್ತು. ಹಳೇ ವ್ಯವಸ್ಥೆಗೇ ವಾಪಸ್ ಹೋದರೆ ಈ ಇಪ್ಪತ್ತು ಜರ್ಸಿಗಳೂ ಹೋಗುತ್ತವೆ ಅನ್ನೋದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಯಾರು ಆಡಬಹುದು?

ಅಂತರ ವಿಶ್ವವಿದ್ಯಾಲಯ ಮಟ್ಟದ ನಿಯಮ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದು. ವಯಸ್ಸು 17ರಿಂದ 25ರೊಳಗೆ ಇರಬೇಕು, ರೆಗ್ಯುಲರ್ ವಿದ್ಯಾರ್ಥಿ ಆಗಿರಬೇಕು. ಪೂರ್ಣಾವಧಿ ಕೆಲಸದಲ್ಲಿರುವವರಿಗೆ ಅವಕಾಶ ಇಲ್ಲ. ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋದ ಸ್ಟ್ರೈಕರ್ ಎಷ್ಟೇ ಚೆನ್ನಾಗಿ ಆಡಲಿ, ಊರಿನ ಟೂರ್ನಮೆಂಟ್‌ಗೆ ಸೈ, ಇದಕ್ಕೆ ಇಲ್ಲ. ಇಂಥವರು ಪ್ರತಿ ಊರಲ್ಲೂ ಒಬ್ಬಿಬ್ಬರು ಇದ್ದೇ ಇರ್ತಾರೆ.

ಫುಟ್‌ಬಾಲ್‌ನಿಂದ ಏನು ಬರುತ್ತೆ ಅಂತ ಕೇಳುವವರಿಗೆ ಒಂದು ಮಾಹಿತಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿತು. ಮೈಸೂರು ರಾಜ್ಯ ಅಂತ ಆಡುತ್ತಿದ್ದ ಕಾಲದಲ್ಲಿ ಗೆದ್ದಿದ್ದು ಬಿಟ್ಟರೆ, 54 ವರ್ಷದ ನಂತರ ಬಂದ ಕಪ್ ಅದು. ಆ ಪಂದ್ಯಾವಳಿಯಲ್ಲಿ ರಾಜ್ಯಕ್ಕೆ ಆಡಿದವರಿಗೆ ಸಿಗೋದು ಮೇಲೆ ಹೇಳಿದ ಫಾರಂ 2.

ಮನೆಯಲ್ಲಿ ವಿಶ್ವವಿದ್ಯಾಲಯಕ್ಕೆ ಆಡಿದ ಹುಡುಗ ಇದ್ದರೆ ಒಂದು ಸಲ ಅವನ ಫೈಲು ತೆಗೆಸಿ ನೋಡಿ. ಫಾರಂ 3ಕ್ಕೆ ಕಾಲೇಜು ಪ್ರಿನ್ಸಿಪಾಲರ ಸಹಿ ಸಾಲದು. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರೇ ಸಹಿ ಹಾಕಿರಬೇಕು. ಕೋರ್ಸ್ ಮುಗಿದು ನಾಲ್ಕೈದು ವರ್ಷ ಆದಮೇಲೆ ಅಲೆಯೋದಕ್ಕಿಂತ, ಇನ್ನೂ ಕಾಲೇಜಲ್ಲಿರುವಾಗಲೇ ಪಿ.ಡಿ. ಸರ್ ಹಿಂದೆ ಬಿದ್ದು ಮಾಡಿಸಿಕೊಂಡರೆ ಒಂದು ಬಸ್ ಚಾರ್ಜಿನಲ್ಲಿ ಕೆಲಸ ಮುಗಿಯುತ್ತೆ.