ಡಾಕ್ಟರೇಟಿನಿಂದ ಮುಂದಕ್ಕೆ

ಕಳೆದ ವರ್ಷ ಕೊರಟಗೆರೆಯ ಬಸ್ ನಿಲ್ದಾಣದಲ್ಲಿ ವಯಸ್ಸಾದ ರೈತರೊಬ್ಬರು ನಮ್ಮನ್ನು ಗುರುತು ಹಿಡಿದು ಮಾತನಾಡಿಸಿದರು. ಅವರ ಮಗ ಹಿಂದೆ ನಮ್ಮಲ್ಲಿ ಭೌತಶಾಸ್ತ್ರ ಓದಿದವನು. ತನ್ನ ಹಳ್ಳಿಯಿಂದ ಪಿಎಚ್.ಡಿ. ಪದವಿಯವರೆಗೆ ಹೋದವರಲ್ಲಿ ಮೊದಲಿಗ. "ಮೇಷ್ಟ್ರೇ, ಹುಡುಗ ಡಾಕ್ಟ್ರೇನೋ ಆದ. ಈಗ ಇನ್ನೂ ಎರಡು ವರ್ಷ ಸಂಶೋಧನೆ ಮಾಡ್ತೀನಿ ಅಂತ ಕೂತವ್ನೆ. ಈ ಓದು ಅನ್ನೋದು ಮುಗಿಯೋದೇ ಇಲ್ವಾ?" ಎಂದು ಕೇಳಿದರು. ಅವರ ಮಾತಿನಲ್ಲಿ ಆಕ್ಷೇಪಣೆಗಿಂತ ಆತಂಕವೇ ಹೆಚ್ಚಾಗಿದ್ದಿತು. ಮಗನಿಗೆ ಆಗಲೇ 32 ವರ್ಷ. ಕಡಲೆಕಾಯಿ ಬೆಳೆ ಎರಡು ವರ್ಷ ಕೈಕೊಟ್ಟಿತ್ತು. ಅತಿಥಿ ಉಪನ್ಯಾಸಕನ ಸಂಬಳವೋ, ತರಗತಿಗಳು ನಡೆಯುವ ತಿಂಗಳುಗಳಿಗಷ್ಟೇ ಮೀಸಲು. ಅಂದು ಬಸ್ಸು ಬಂದುಬಿಟ್ಟದ್ದರಿಂದ ನಾವು ಸರಿಯಾದ ಉತ್ತರ ಹೇಳಲಾಗಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಕೇಳುವ ಮನೆಗಳು ಈಗ ಒಂದೆರಡಲ್ಲವಾದ್ದರಿಂದ, ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಕಡೆ ಮಕ್ಕಳು ಈಜು ಕಲಿಯುವುದು ಬಾವಿಯಲ್ಲಿ. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಒಬ್ಬರು ಹಿಡಿದು ನಿಂತಿರುತ್ತಾರೆ. ಪಿಎಚ್.ಡಿ. ಎಂಬುದು ಬಹುಮಟ್ಟಿಗೆ ಇಂತಹ ಈಜು. ಮಾರ್ಗದರ್ಶಕರು ಹಗ್ಗ ಹಿಡಿದಿರುವಾಗ ಒಂದು ಸಂಶೋಧನೆಯನ್ನು ಕೊನೆಮುಟ್ಟಿಸಬಲ್ಲೆನೆಂದು ವಿದ್ಯಾರ್ಥಿಯು ತೋರಿಸಿಕೊಡುತ್ತಾನೆ. ಹಗ್ಗ ಬಿಚ್ಚಿ ಕೆರೆಗೆ ಇಳಿಯುವ ಕಾಲವೇ ಡಾಕ್ಟರೇಟ್ ನಂತರದ ಎರಡು ಮೂರು ವರ್ಷಗಳು. ಆಗ ಬೇರೊಂದು ಪ್ರಯೋಗಶಾಲೆಗೆ ಹೋಗಿ, ಹೊಸ ಉಪಕರಣಗಳನ್ನೂ ಹೊಸ ಸಹೋದ್ಯೋಗಿಗಳನ್ನೂ ಪಡೆದು, ತನ್ನದೇ ಆದ ಪ್ರಶ್ನೆಯನ್ನು ಬೆನ್ನಟ್ಟಬೇಕು. ಅದಕ್ಕಾಗಿ ಕೊಡುವ ವೇತನವನ್ನು ಪೋಸ್ಟ್ ಡಾಕ್ಟರಲ್ ಫೆಲೋಷಿಪ್ ಎನ್ನುತ್ತಾರೆ. ಇದು ಓದಿನ ಮುಂದುವರಿಕೆಯಲ್ಲ, ಉದ್ಯೋಗ; ಆದರೆ ಅವಧಿ ಗೊತ್ತಾದ ಉದ್ಯೋಗ.

ಈ ಅವಧಿಯಿಂದ ಏನಾಗಬಲ್ಲದೆಂಬುದಕ್ಕೆ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ಜೀವನವನ್ನು ನೋಡಬಹುದು. ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳನ್ನು ಅಭ್ಯಸಿಸಿ 1960ರಲ್ಲಿ ಡಾಕ್ಟರೇಟ್ ಪಡೆದ ಅವರು, ಬಳಿಕ ಅಮೆರಿಕದ ಎಂ.ಐ.ಟಿ.ಗೂ ಅಲ್ಲಿಂದ ಟೆಕ್ಸಾಸಿಗೂ ಹೋದರು. ಮ್ಯಾರಿನರ್-2 ನೌಕೆ ಕಳುಹಿಸಿದ ಅಂಕಿಅಂಶಗಳನ್ನು ಪರಿಶೀಲಿಸಿ, ಸೌರಮಾರುತವು ಎಡೆಬಿಡದೆ ಬೀಸುತ್ತದೆಂಬುದನ್ನು ಸ್ಥಾಪಿಸುವುದರಲ್ಲಿ ಪಾಲುಗೊಂಡರು. ಪಯನೀರ್ ನೌಕೆಗಳಲ್ಲಿ ಅವರ ಉಪಕರಣಗಳು ಹಾರಿದವು. 1966ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದಾಗ, ಬಾಹ್ಯಾಕಾಶದಲ್ಲಿ ಕೆಲಸ ಮಾಡುವ ಯಂತ್ರವನ್ನು ಹೇಗೆ ಕಟ್ಟಬೇಕೆಂಬ ತಿಳಿವಳಿಕೆ ಅವರೊಡನೆ ಬಂದಿತು. ಒಂಬತ್ತು ವರ್ಷಗಳ ಬಳಿಕ, 1975ರ ಏಪ್ರಿಲ್ 19ರಂದು, ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ ಆರ್ಯಭಟವು ಆಕಾಶಕ್ಕೇರಿತು.

ಹೀಗಿದ್ದರೂ ನಮ್ಮ ತಾಲ್ಲೂಕುಗಳ ಹುಡುಗ ಹುಡುಗಿಯರು ಇಲ್ಲಿ ಎಡವುವುದೇಕೆ? ಜಾಣ್ಮೆಯ ಕೊರತೆ ಕಾರಣವೆಂದು ನಾವು ಒಪ್ಪುವುದಿಲ್ಲ. ನಮ್ಮಲ್ಲಿ ಉದ್ಯೋಗವೆಂದರೆ ಅಧಿಸೂಚನೆ. ಸರ್ಕಾರ ಪತ್ರಿಕೆಯಲ್ಲಿ ಪ್ರಕಟಿಸಬೇಕು, ನಾವು ಅರ್ಜಿ ತುಂಬಬೇಕು, ಪರೀಕ್ಷೆ ಬರೆಯಬೇಕು, ಪಟ್ಟಿಯಲ್ಲಿ ಹೆಸರು ಹುಡುಕಬೇಕು. ನಮ್ಮ ವಿದ್ಯಾರ್ಥಿಯೂ ಪದವಿ ಬಂದ ಮೇಲೆ ಹದಿನಾಲ್ಕು ತಿಂಗಳು ಇಂತಹ ಅಧಿಸೂಚನೆಗಾಗಿ ಕಾಯುತ್ತ ಕುಳಿತಿದ್ದನು. ಯಾರಾದರೂ ಕರೆದಾರೆಂದು ಅವನ ನಂಬಿಕೆ. ಆದರೆ ಈ ಕ್ಷೇತ್ರದಲ್ಲಿ ಮೊದಲು ಬರೆಯಬೇಕಾದುದು ಅರ್ಜಿಯಲ್ಲ, ಕಾಗದ. ಅದನ್ನೂ ಒಂದು ಕಛೇರಿಗಲ್ಲ, ಒಬ್ಬ ವ್ಯಕ್ತಿಗೆ ಬರೆಯಬೇಕು.

ಇದಕ್ಕೆ ಕಾರಣವುಂಟು. ಹಣ ಬರುವ ದಾರಿಗಳು ಎರಡು. ಒಬ್ಬ ಪ್ರಾಧ್ಯಾಪಕರಿಗೆ ಯಾವುದೋ ಯೋಜನೆಗೆ ಅನುದಾನ ದೊರೆತು, ಅದರಲ್ಲಿ ಒಂದು ಸ್ಥಾನವಿದ್ದರೆ ಅವರು ಅದನ್ನು ತಮ್ಮ ಸಂಸ್ಥೆಯ ಪ್ರಕಟಣೆಯಲ್ಲಿ ತಿಳಿಸುತ್ತಾರೆ. ಇಲ್ಲಿ ಪ್ರಶ್ನೆ ಅವರದು, ಕೈ ನಮ್ಮದು. ಎರಡನೆಯದರಲ್ಲಿ ಹಣವು ಅಭ್ಯರ್ಥಿಯ ಹೆಸರಿಗೇ ಬರುತ್ತದೆ, ಪ್ರಶ್ನೆಯೂ ಅವನದೇ. ಆದರೆ ಕೂರಲು ಜಾಗ, ಬಳಸಲು ಉಪಕರಣ ಕೊಡುವ ಆತಿಥೇಯ ವಿಜ್ಞಾನಿಯೊಬ್ಬರು ಮೊದಲೇ ಒಪ್ಪಿರಬೇಕು. ನಮ್ಮ ದೇಶದ ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಷಿಪ್ ಈ ಬಗೆಯದು. ಹಿಂದೆ ಅದನ್ನು ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನ ಮಂಡಳಿ ನಡೆಸುತ್ತಿತ್ತು. 2024ರಲ್ಲಿ ಆ ಹೊಣೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನಕ್ಕೆ ಬಂದಿತು. ಅವಧಿ ಎರಡು ವರ್ಷ. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನವೂ ಆತಿಥೇಯರ ಒಪ್ಪಿಗೆಯನ್ನು ಕೇಳುತ್ತದೆ. ಇಂತಿಷ್ಟು ಜನ ಇಂತಹ ದೇಶದವರೆಂಬ ಮಿತಿ ಅಲ್ಲಿಲ್ಲ. ಯೂರೋಪಿನ ಒಕ್ಕೂಟವು ಮರೀ ಸ್ಕ್ಲೊಡೋವ್ಸ್ಕಾ ಕ್ಯೂರಿ ಅವರ ಹೆಸರಿನಲ್ಲಿ ಕೊಡುವ ಫೆಲೋಷಿಪ್ಪಿಗೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರಿನೊಳಗೆ, ಅಭ್ಯರ್ಥಿಯೂ ಆತಿಥೇಯರೂ ಕೂಡಿ ಪ್ರಸ್ತಾವ ಬರೆಯಬೇಕು. ಜಪಾನಿನ ಪದ್ಧತಿ ಇನ್ನೂ ವಿಚಿತ್ರ: ಅಲ್ಲಿನ ವಿಜ್ಞಾನ ಪ್ರೋತ್ಸಾಹಕ ಸಂಘಕ್ಕೆ ಆತಿಥೇಯರೇ ನಮ್ಮ ಪರವಾಗಿ ಅರ್ಜಿ ಸಲ್ಲಿಸುತ್ತಾರೆ. ಗುರುತಿನವರಿಲ್ಲದೆ ಸುಮ್ಮನೆ ಕಾಯುವವನಿಗೆ ಈ ಬಾಗಿಲುಗಳಲ್ಲಿ ಯಾವುದೂ ತೆರೆಯದು.

ಇದನ್ನು ತಿಳಿದ ಮೇಲೆ ನಮ್ಮ ವಿದ್ಯಾರ್ಥಿಯು ಮಾಡಿದ ಕೆಲಸ ಇನ್ನೊಂದು ತಪ್ಪು. ಒಂದೇ ಕಾಗದವನ್ನು ನಲ್ವತ್ತು ಮಂದಿ ಪ್ರಾಧ್ಯಾಪಕರಿಗೆ ಇ-ಮೇಲಿನಲ್ಲಿ ಕಳುಹಿಸಿದನು. "ಪೂಜ್ಯರೇ" ಎಂದು ಆರಂಭವಾಗಿ, ಹತ್ತನೆಯ ತರಗತಿಯಿಂದ ಮೊದಲ್ಗೊಂಡು ಅಂಕಗಳನ್ನು ವಿವರಿಸಿ, ತಾನು ಶ್ರಮಜೀವಿಯೆಂದು ಮುಗಿಯುವ ಕಾಗದ. ಉತ್ತರ ಬಂದದ್ದು ಒಂದು, ಅದೂ ಜಾಗವಿಲ್ಲವೆಂದು. ಅವನು ನಮ್ಮಲ್ಲಿಗೆ ಬಂದಾಗ ನಾವು ಕೇಳಿದ ಪ್ರಶ್ನೆ ಒಂದೇ: "ಇದನ್ನು ಪಡೆದವರ ಪೈಕಿ ಯಾರ ಲೇಖನವನ್ನು ನೀನು ಪೂರ್ತಿ ಓದಿದ್ದೀಯೆ?" ಅವನು ತಲೆ ತಗ್ಗಿಸಿದನು.

ಅವನ ಮಹಾಪ್ರಬಂಧ ಗಾಜಿನ ಮೇಲೆ ಲೇಪಿಸುವ ತೆಳುಪದರಗಳನ್ನು ಕುರಿತದ್ದು. ಅವನ ಸೋದರತ್ತೆಯ ಮನೆ ಪಾವಗಡ ತಾಲ್ಲೂಕಿನ ತಿರುಮಣಿಯ ಕಡೆ. ಅಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವನ್ನು ನಿರ್ಮಿಸಿರುವುದನ್ನು ವಾಚಕರು ಬಲ್ಲರು. ಅದು 2019ರ ಡಿಸೆಂಬರಿನಲ್ಲಿ ಪೂರ್ಣಗೊಂಡಿತು. ಮಳೆ ಕಡಮೆಯಾದ ಆ ಸೀಮೆಯಲ್ಲಿ ಧೂಳು ಹೆಚ್ಚು. ಧೂಳು ಕುಳಿತ ಫಲಕಕ್ಕೆ ಬೆಳಕು ಕಡಮೆ ತಲಪುತ್ತದೆ, ವಿದ್ಯುತ್ತೂ ಕಡಮೆಯಾಗುತ್ತದೆ. ತೊಳೆಯೋಣವೆಂದರೆ ನೀರೇ ದುರ್ಲಭ. ಕುಡಿಯುವ ನೀರಿನಲ್ಲಿಯೂ ಫ್ಲೋರೈಡಿನ ಬಾಧೆಯನ್ನು ಅನುಭವಿಸಿದ ತಾಲ್ಲೂಕು ಅದು.

ಇಲ್ಲೊಂದು ಸೊಗಸಾದ ಭೌತಶಾಸ್ತ್ರವಿದೆ. ರಾತ್ರಿಯ ನಿರ್ಮಲ ಆಕಾಶದ ಕಡೆಗೆ ಫಲಕದ ಗಾಜು ತನ್ನ ಉಷ್ಣವನ್ನು ವಿಕಿರಣಗೊಳಿಸಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗಿನ ಜಾವ ಅದರ ಮೇಲೆ ಇಬ್ಬನಿ ಕಟ್ಟುತ್ತದೆ. ಧೂಳಿನಲ್ಲಿರುವ ಲವಣಗಳು ಆ ಹನಿಗಳಲ್ಲಿ ಕರಗುತ್ತವೆ. ಸೂರ್ಯೋದಯವಾದ ಮೇಲೆ ನೀರು ಆವಿಯಾಗಿ, ಲವಣವು ಕಣಕ್ಕೂ ಗಾಜಿಗೂ ನಡುವೆ ಗಾರೆಯಂತೆ ಉಳಿದುಬಿಡುತ್ತದೆ. ಬಿಡಿ ಧೂಳನ್ನು ಗಾಳಿಯೇ ಹಾರಿಸೀತು. ಹೀಗೆ ಕಚ್ಚಿಕೊಂಡದ್ದು ಹೋಗದು. 2022ರಲ್ಲಿ ಎಂ.ಐ.ಟಿ.ಯ ಸಂಶೋಧಕರು ಧೂಳಿನ ಕಣಗಳಿಗೆ ವಿದ್ಯುದಾವೇಶವನ್ನು ಕೊಟ್ಟು, ನೀರಿಲ್ಲದೆಯೇ ಅವನ್ನು ಫಲಕದಿಂದ ಎಗರಿಸುವ ಉಪಾಯವನ್ನು ಪ್ರಕಟಿಸಿದರು. ಇಬ್ಬನಿಯಿಂದ ಕಚ್ಚಿಕೊಂಡ ನಮ್ಮ ಕೆಮ್ಮಣ್ಣಿಗೆ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ? ತಕ್ಕ ತೆಳುಪದರವನ್ನು ಲೇಪಿಸಿದರೆ ಆ ಗಾರೆಯ ಹಿಡಿತ ಸಡಿಲವಾದೀತೆ? ಅವನ ಎರಡನೆಯ ಕಾಗದದಲ್ಲಿ ಇದ್ದದ್ದು ಇಷ್ಟೇ. ಒಂದು ಪುಟ, ಆ ಪ್ರಾಧ್ಯಾಪಕರ ಒಂದು ಲೇಖನದಲ್ಲಿ ತನಗೆ ಅರ್ಥವಾಗದೆ ಉಳಿದ ಭಾಗವೊಂದರ ಉಲ್ಲೇಖ, ತಾನು ಮಾಡಬಯಸುವ ಮೊದಲ ಪ್ರಯೋಗ. ಐದು ಜನರಿಗೆ ಐದು ಬೇರೆ ಬೇರೆ ಕಾಗದ ಬರೆದನು. ಮೂವರು ಉತ್ತರಿಸಿದರು. ಒಬ್ಬರು ಒಪ್ಪಿದರು.

ವಯಸ್ಸಿನ ವಿಚಾರವನ್ನು ಮರೆಯುವಂತಿಲ್ಲ. ಮೇಲೆ ಹೇಳಿದ ರಾಷ್ಟ್ರೀಯ ಫೆಲೋಷಿಪ್ಪಿಗೆ ಮಿತಿ 35 ವರ್ಷ. ಮಹಿಳೆಯರಿಗೂ, ಪರಿಶಿಷ್ಟ ಜಾತಿ, ಪಂಗಡ, ಇತರ ಹಿಂದುಳಿದ ವರ್ಗಗಳವರಿಗೂ, ಅಂಗವಿಕಲರಿಗೂ 5 ವರ್ಷಗಳ ಸಡಿಲಿಕೆಯುಂಟು. ಆದರೆ ಪಾಠ ಹೇಳುತ್ತಲೋ ಮನೆ ನಡೆಸುತ್ತಲೋ ತಡವಾಗಿ ಡಾಕ್ಟರೇಟ್ ಪಡೆಯುವವರೇ ನಮ್ಮ ಕಡೆ ಹೆಚ್ಚು. ಮಧುಗಿರಿಗೆ ಹೊಂದಿಕೊಂಡ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋಗಿ ಓದಿದ ಎಚ್. ನರಸಿಂಹಯ್ಯನವರು, 1946ರಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದದ್ದು 1960ರಲ್ಲಿ, ತಮ್ಮ ನಲ್ವತ್ತರ ವಯಸ್ಸಿನಲ್ಲಿ. ಇಂದಿನ ನಿಯಮದಂತೆ ಅವರ ಅರ್ಜಿಯನ್ನು ಗುಮಾಸ್ತರೇ ಹಿಂದಿರುಗಿಸುತ್ತಿದ್ದರೋ ಏನೋ! ತಡವಾದವರು ಗಮನಿಸಬೇಕಾದುದೇನೆಂದರೆ, ವಿದೇಶದ ಹಲವು ಯೋಜನೆಗಳು ಹುಟ್ಟಿದ ದಿನದಿಂದ ಎಣಿಸದೆ ಡಾಕ್ಟರೇಟ್ ಬಂದ ದಿನದಿಂದ ಎಣಿಸುತ್ತವೆ. ಹುಂಬೋಲ್ಟಿನ ಕಿರಿಯ ಶ್ರೇಣಿಗೆ ಅದು 4 ವರ್ಷ. ಆ ಗಡಿಯಾರ ನಡೆಯಲು ಆರಂಭಿಸುವುದು ಪದವಿಯಿಂದ. ಆದಕಾರಣ ಆತಿಥೇಯರನ್ನು ಹುಡುಕುವ ಕೆಲಸ ಮಹಾಪ್ರಬಂಧವನ್ನು ಬರೆಯುತ್ತಿರುವಾಗಲೇ ಮೊದಲಾಗಬೇಕು.

ಶಿಫಾರಸು ಪತ್ರದ ವಿಷಯದಲ್ಲಿ ತಪ್ಪು ನಮ್ಮಂತಹ ಅಧ್ಯಾಪಕರದು. ಹುಡುಗ ಸನ್ನಡತೆಯುಳ್ಳವನು, ವಿಧೇಯನು ಎಂದು ನಾವೂ ಎಷ್ಟೋ ಬಾರಿ ಬರೆದುಕೊಟ್ಟಿದ್ದೇವೆ. ವಿಧೇಯತೆಯಿಂದ ಪ್ರಯೋಗ ನಡೆಯದು. ಉಪಕರಣ ಕೆಟ್ಟಾಗ ಅವನೇನು ಮಾಡಿದನು, ಯಾವ ಅಳತೆಯನ್ನು ನಂಬದೆ ಮತ್ತೆ ಅಳೆದನು ಎಂಬುದನ್ನು ಪರಿಶೀಲಕರು ತಿಳಿಯಬಯಸುತ್ತಾರೆ. ಇದನ್ನು ಬರೆಯಬಲ್ಲವರು ಅವನೊಡನೆ ಪ್ರಯೋಗಶಾಲೆಯಲ್ಲಿ ನಿಂತವರೇ ಹೊರತು, ದೊಡ್ಡ ಹುದ್ದೆಯವರಲ್ಲ. ಹಣ ತೆತ್ತರೆ ವಾರದಲ್ಲಿ ಲೇಖನ ಅಚ್ಚಾಗುವ ನಿಯತಕಾಲಿಕಗಳ ಮೋಹವನ್ನೂ ಬಿಡಬೇಕು. ಅವು ಅರ್ಜಿಯ ತೂಕವನ್ನು ಇಳಿಸುತ್ತವೆ.

ನಮ್ಮ ವಿದ್ಯಾರ್ಥಿಯ ಮೊದಲ ಪ್ರಸ್ತಾವ ತಿರಸ್ಕೃತವಾಯಿತು. ಪ್ರಶ್ನೆ ಚೆನ್ನಾಗಿದೆ, ಆದರೆ ಆ ಪ್ರದೇಶದ ಧೂಳಿನ ಒಂದು ಅಳತೆಯೂ ಇಲ್ಲವೆಂದು ಪರಿಶೀಲಕರೊಬ್ಬರು ಬರೆದಿದ್ದರು. ಒಂದು ವಾರ ಅವನು ಮನೆಯಲ್ಲಿ ಯಾರೊಡನೆಯೂ ಮಾತನಾಡಲಿಲ್ಲವಂತೆ. ಆಮೇಲೆ ಇಪ್ಪತ್ತು ಗಾಜಿನ ತುಂಡುಗಳನ್ನು ತಂದು, ಸೋದರತ್ತೆಯ ಮನೆಯ ಮಾಳಿಗೆಯ ಮೇಲೆ ಓರೆಯಾಗಿ ಜೋಡಿಸಿದನು. ಹತ್ತಕ್ಕೆ ರಾತ್ರಿ ಹೊತ್ತು ಹೊದಿಕೆ, ಹತ್ತಕ್ಕೆ ಇಲ್ಲ. ಇಬ್ಬನಿಯ ಪಾತ್ರ ಇದರಿಂದ ಬೇರೆಯಾಗಿ ತಿಳಿಯುತ್ತದೆ. ಚಳಿಗಾಲದ ಆರು ವಾರ, ವಾರಕ್ಕೊಮ್ಮೆ ಅವನ್ನು ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಮಧುಗಿರಿಗೆ ತಂದು ನಮ್ಮ ತಕ್ಕಡಿಯಲ್ಲಿ ತೂಗಿದನು. ಅಪ್ಪನಿಗೆ ಈ ತೂಗಾಟ ವಿಚಿತ್ರವಾಗಿ ಕಂಡರೂ ಒಮ್ಮೆ ತಾವೇ ಡಬ್ಬಿ ಹಿಡಿದು ಜೊತೆಯಲ್ಲಿ ಬಂದರು.

ಅಳತೆಗಳೊಡನೆ ಹೊಸ ಪ್ರಸ್ತಾವ ಹೋಗಿದೆ. ಫಲಿತಾಂಶ ಇನ್ನೂ ಬಂದಿಲ್ಲ. ಗಾಜಿನ ತುಂಡುಗಳು ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿವೆ. ದಸರೆಯ ಆಯುಧಪೂಜೆಗೆಂದು ಪರಿಚಾರಕರು ಒರೆಸಿಬಿಟ್ಟಾರೆಂದು, "ಧೂಳು ತೆಗೆಯಕೂಡದು" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದೇವೆ.